ಖೈರುನ್ನಿಸಾಳ ಬಯಾಜು: ಏಳು ಬೀಬಿಯರು

“ಈ ಲಂಗ್ಡಿ ಬೀಬಿ ಅನ್ನೋರು ಎಷ್ಟನೇ ಹೆಂಡ್ತಿ?” ಎಂದು ಕೇಳಿದೆ.

ಕೊಟ್ರೇಶ ಕಣ್ಣು ಒರೆಸಿಕೊಂಡ. ನಾಟಕಕ್ಕಲ್ಲ, ನಿಜವಾಗಿಯೇ ಒರೆಸಿಕೊಂಡ. ನನ್ನ ತಲೆ ಕೆಟ್ಟದ್ದು ಅದಕ್ಕೇ.

“ಎರಡನೇರು ಮೇಡಂ. ಸಾಹೇಬ್ರು ಬೂಟುಗಾಲಾಗೆ ಒದ್ದು ಕಾಲು ಮುರಿದಿದ್ರು. ಪುಟ ಮೂವತ್ತೆಂಟು ನೋಡ್ರಿ. ಅದನ್ನ ಬರೆಯೋವಾಗ ನಾನು ಊಟ ಬಿಟ್ಟಿದ್ದೆ.”

“ಬರೆಯೋವಾಗ?”

“ಅನುವಾದ ಮಾಡೋವಾಗ.”

ಇಪ್ಪತ್ತಾರು ವರ್ಷ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡಿದವಳು ನಾನು, ನ್ಯಾಮತಿಯ ಶಿವಲೀಲಾ. ಟಿಕೆಟ್ ಇಲ್ಲದವನು ಮೊದಲು ಕಿಟಕಿಯಾಚೆ ನೋಡುತ್ತಾನೆ. ಕೊಟ್ರೇಶ ಹೊನ್ನಾಳಿ ಬಸ್‌ಸ್ಟ್ಯಾಂಡಿನ ಕಡೆ ನೋಡಿದ.

ನಾವು ಕೂತಿದ್ದದ್ದು ಅವನ ಪ್ರೆಸ್ಸಿನಲ್ಲಿ. ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆ. ಒಳಗೆ ಮಷೀನು ಯಾರದೋ ಮದುವೆ ಕಾರ್ಡು ಉಗುಳುತ್ತಿತ್ತು. ಮೇಜಿನ ಮೇಲೆ ಶುಕ್ರವಾರ ಬಿಡುಗಡೆಯಾಗಲಿದ್ದ ಪುಸ್ತಕದ ಒಂದು ಪ್ರತಿ: ‘ಏಳು ಬೀಬಿಯರ ಕಣ್ಣೀರು’. ಮುಖಪುಟದಲ್ಲಿ ಬುರ್ಖಾದೊಳಗಿನ ಒಂದು ಕಣ್ಣು, ಕಿಟಕಿ ಸರಳು, ಅಂಗೈಯಗಲದ ಒಂದು ಹನಿ. ಕೆಳಗೆ, ‘ಕೆರೆಬಿಳಚಿ ಇನಾಮದಾರರ ಜನಾನಾದಲ್ಲಿದ್ದ ಖೈರುನ್ನಿಸಾ ಅವರ ಉರ್ದು ದಿನಚರಿಯ ಅನುವಾದ’.

ಹನ್ನೊಂದು ದಿನದ ಹಿಂದೆ ಖೈರುನ್ನಿಸಾರ ಮಗಳು ಜುಲೇಖಾ ಬೀಯ ಟ್ರಂಕಿನಿಂದ ಕಾಣೆಯಾಗಿದ್ದು ಇದೇ ದಿನಚರಿ. ಬಯಾಜು ಎನ್ನುತ್ತಾರೆ ಅದನ್ನು, ಮನೆಯ ಹೆಣ್ಣುಮಕ್ಕಳು ಪದ್ಯ, ಮದ್ದು, ಮನಸ್ಸಿಗೆ ಬಂದದ್ದು ಎಲ್ಲವನ್ನೂ ಬರೆದಿಡುವ ಪುಸ್ತಕ. ಹುಡುಕಿಕೊಡಿ ಎಂದು ಜುಲೇಖಾ ಬೀ ರಿಟೈರಾಗಿದ್ದ ನನ್ನನ್ನು ಕರೆಸಿದ್ದರು. ಕದ್ದವನು ಕೊಟ್ರೇಶನೇ ಎಂದು ನಾನು ಆ ಬೆಳಿಗ್ಗೆಯವರೆಗೂ ಎದೆ ತಟ್ಟಿ ಹೇಳುತ್ತಿದ್ದೆ.

ಅದು ಬರಿಯ ಪುಸ್ತಕವಾಗಿದ್ದರೆ ನಾನು ಇಷ್ಟು ಚಪ್ಪಲಿ ಸವೆಸುತ್ತಿರಲಿಲ್ಲ. ಸುಮಾರು ತೊಂಬತ್ತು ವರ್ಷದ ಹಿಂದೆ ಬಿಳಿಯ ಮಡ್ಡಮ್ಮನೊಬ್ಬಳು ಆ ಮನೆಯಲ್ಲಿ ಮೂರು ವಾರ ಉಂಡು, ಮಲಗಿ, ತನ್ನ ದೇಶಕ್ಕೆ ಹೋಗಿ ಒಂದು ಪುಸ್ತಕ ಬರೆದಳು. ಹೆಂಗಸರಿರುವ ಜನಾನಾ ಅಂದರೆ ಪಂಜರ, ಒಬ್ಬ ಗಂಡನಿಗೆ ಏಳು ಹೆಂಡಿರು, ಏಳೂ ಜನ ಹಗಲೂ ರಾತ್ರಿ ಅಳುತ್ತಾರೆ ಎಂದು. ಆಗ ಹದಿನೇಳರ ಸೊಸೆಯಾಗಿದ್ದ ಖೈರುನ್ನಿಸಾ ಅದಕ್ಕೆ ಉತ್ತರವನ್ನು ಬಯಾಜಿನಲ್ಲಿ ಬರೆದಳು. ಮಡ್ಡಮ್ಮನ ಪುಸ್ತಕ ನಾಲ್ಕು ಸಲ ಅಚ್ಚಾಯಿತು. ಸೊಸೆಯದು ಟ್ರಂಕಿನಲ್ಲೇ ಉಳಿಯಿತು.

“ನಮ್ಮಮ್ಮ ಅಳುಬುರುಕಿ ಆಗಿರಲಿಲ್ಲ ಶಿವಲೀಲಮ್ಮ,” ಎಂದಿದ್ದರು ಎಂಬತ್ತಮೂರರ ಜುಲೇಖಾ ಬೀ ಮೊದಲ ದಿನವೇ. “ಅಷ್ಟು ನಾಲ್ಕು ಜನಕ್ಕೆ ಗೊತ್ತಾಗ್ಲಿ. ಆಮೇಲೆ ನಾನು ಹೋಗಾಕೆ ತಯಾರಿದ್ದೀನಿ.”

ಶುಕ್ರವಾರ ಈ ಕಣ್ಣೀರಿನ ಪುಸ್ತಕ ಹೊರಬಂದರೆ, ಆಕೆಯ ತಾಯಿ ತನ್ನದೇ ಹೆಸರಿನಲ್ಲಿ ಇನ್ನೊಮ್ಮೆ ಅಳಬೇಕಾಗಿತ್ತು.

“ಏಳೂ ಜನರ ಹೆಸರು ಹೇಳಪ್ಪ,” ಎಂದೆ.

ಅವನಿಗೆ ಬಾಯಿಪಾಠ. “ಕಬ್ರಿ ಬೀಬಿ, ಲಂಗ್ಡಿ ಬೀಬಿ, ಮೋತಿ ಬೀಬಿ, ಸುರ್ಮಯಿ ಬೀಬಿ, ಜಾಫ್ರಿ ಬೀಬಿ, ಚೀನಿ ಬೀಬಿ. ಕಿರಿಯಾಕಿ ಟುಕ್ಕು ಬೀಬಿ, ಹನ್ನೆರಡು ವರ್ಷದ ಕೂಸು ಮೇಡಂ ಅದು.”

ನನಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡರೂ ಮೂಗಿನಿಂದ ಬಂತು. ಮಷೀನಿನ ಹುಡುಗಿ ಸುನಿತಾ ಕಾರ್ಡು ಎಣಿಸುವುದನ್ನು ಬಿಟ್ಟು ತಿರುಗಿ ನೋಡಿದಳು.

“ಹೆಣ್ಣುಮಕ್ಕಳ ದುಃಖಕ್ಕೆ ಒಬ್ಬ ಹೆಣ್ಣುಮಗಳೇ ನಗೋದಾ?” ಕೊಟ್ರೇಶನಿಗೆ ಕೋಪ ಬಂತು.

“ನಿನ್ನೆ ಬೆಳಿಗ್ಗೆ ಟುಕ್ಕು ಬೀಬಿ ನನ್ನ ಹೆಬ್ಬೆಟ್ಟು ಕುಕ್ಕಿದ್ಲು ಕಣಪ್ಪ. ನೋಡು, ಇಲ್ಲಿ.”

ಅವನು ನನ್ನ ಕಾಲನ್ನು ನೋಡಿದ. ಆಮೇಲೆ ನನ್ನ ಮುಖ ನೋಡಿದ.

“ಕೋಳಿ,” ಎಂದೆ. “ಏಳೂ ಕೋಳಿಗಳು. ಜುಲೇಖಾ ಬೀ ಅಂಗಳದಾಗೆ ಈಗಲೂ ಅದಾವೆ. ಆ ಮನೆ ಪದ್ಧತಿ ಹಂಗೆ. ಕೋಳಿ ಸತ್ರೆ ಅದರ ಮರಿಗೆ ತಾಯಿ ಹೆಸರು. ಖೈರುನ್ನಿಸಾ ಕಾಲದ ಕಬ್ರಿಯ ವಂಶದ ಕಬ್ರಿ ಇವತ್ತೂ ಕಾಳು ತಿಂತೈತೆ. ಬೆಳಿಗ್ಗೆ ಆಯಮ್ಮ ಒಂದೊಂದೇ ಹೆಸರು ಹಿಡಿದು ಕರೀತಾರೆ, ಅವು ಒಂದೊಂದೇ ಬರ್ತಾವೆ. ಲಂಗ್ಡಿಗೆ ಕಾಲು ನೆಟ್ಟಗೈತೆ. ಅವಳ ಮುತ್ತಜ್ಜಿ ಕುಂಟ್ತಿದ್ಲಂತೆ.”

ಕೊಟ್ರೇಶ ಕುರ್ಚಿಯಲ್ಲಿ ಕುಸಿದ. ಎತ್ತು ಈಯ್ತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರನ್ನು ಬೇಕಾದಷ್ಟು ಕಂಡಿದ್ದೇನೆ, ಆದರೆ ಈಯ್ದ ಎತ್ತಿಗಾಗಿ ಊಟ ಬಿಟ್ಟವನನ್ನು ನೋಡಿದ್ದು ಇದೇ ಮೊದಲು.

“ಈಗ ನಿಜ ಹೇಳು. ಈ ಹೆಸರು ನಿನಗೆ ಸಿಕ್ಕಿದ್ದೆಲ್ಲಿ?”

“ಮಡ್ಡಮ್ಮನ ಪುಸ್ತಕದಾಗೆ,” ಎಂದ ಮೆಲ್ಲಗೆ. “ಹಳೇದು, ಫೋನಿನಾಗೆ ಸಿಕ್ತು. ಅದನ್ನೇ ಕನ್ನಡಕ್ಕೆ ಹಾಕಿಸಿ, ಅವರು ‘ಆಕೆ’ ಅಂದಲ್ಲೆಲ್ಲ ನಾನು ‘ನಾನು’ ಅಂತ ತಿದ್ದಿದೆ.”

“ಬಯಾಜು?”

“ನಾನು ಕಣ್ಣಾಗೂ ಕಂಡಿಲ್ಲ ಮೇಡಂ. ದೇವರಾಣೆ. ಜುಲೇಖಾ ಬೀ ಮೊಮ್ಮಗಳು ಸಬೀಹಾ ಹೋದ ವರ್ಷ ಅಚ್ಚು ಹಾಕಿಸಾಕೆ ಕೇಳ್ಕೊಂಡು ಬಂದಿದ್ರು. ನೋಡಾಕೆ ಅಂತ ಒಂದು ಪುಟದ ಫೋಟೋ ಕಳಿಸಿದ್ರು. ಸ್ವಲ್ಪ ದುಃಖ ಹೆಚ್ಚು ಮಾಡೋಣ ಅಂದೆ. ಸಿಟ್ಟು ಮಾಡ್ಕೊಂಡು ಹೋದ್ರು.”

ನಂಬಿದೆ. ನಂಬದೆ ದಾರಿಯಿರಲಿಲ್ಲ. ಅಸಲಿ ಬಯಾಜು ಕೈಯಲ್ಲಿದ್ದವನು ಯಾರಿಂದಾದರೂ ಅದನ್ನು ಓದಿಸುತ್ತಿದ್ದ. ಓದಿಸಿದವನು ಕೋಳಿಗಳಿಗೆ ತಾಳಿ ಕಟ್ಟಿಸುತ್ತಿರಲಿಲ್ಲ. ಅವನ ಸುಳ್ಳೇ ಅವನನ್ನು ಕಳ್ಳತನದಿಂದ ಪಾರು ಮಾಡಿತ್ತು. ಹನ್ನೊಂದು ದಿನದ ನನ್ನ ಲೆಕ್ಕಾಚಾರ ಅಲ್ಲಿಗೆ ನೀರುಪಾಲಾಯಿತು.

“ಬಿಡುಗಡೆ ನಿಲ್ಲಿಸು.”

“ಐನೂರು ಪ್ರತಿ ಕಟ್ಟಾಗೈತೆ, ಊರಿಗೆಲ್ಲ ಕರೆದೀನಿ. ಏನಂತ ನಿಲ್ಲಿಸ್ಲಿ?” ಅವನು ನಿಜಕ್ಕೂ ಕಂಗಾಲಾಗಿದ್ದ. “ಅಸಲಿದು ತಂದು ತೋರಿಸ್ರಿ. ಅದೇ ವೇದಿಕೆ ಮೇಲೆ ನಿಂತು, ನಾನು ಬರೆದದ್ದು ಸುಳ್ಳು, ಇದು ನಿಜ ಅಂತೀನಿ. ಬರಿಗೈಲಿ ನಿಲ್ಲಾಕೆ ನನಗೆ ಧೈರ್ಯ ಇಲ್ಲ.”

ಆ ಒಂದು ಪುಟದ ಫೋಟೋವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಂಡು ಎದ್ದೆ. ಬಾಗಿಲಲ್ಲಿ ಅವನು ಕೇಳಿದ, “ಟುಕ್ಕು ಬೀಬಿ ಹೆಂಗದಾಳೆ ಮೇಡಂ? ಚೆನ್ನಾಗದಾಳಾ?”

ಪಾಪ, ಮನುಷ್ಯ ಕೆಟ್ಟವನಲ್ಲ.

ಚನ್ನಗಿರಿಯಲ್ಲಿ ಬಸ್ಸು ಬದಲಿಸಿ ಕೆರೆಬಿಳಚಿ ಮುಟ್ಟುವಾಗ ಮೂರು ಗಂಟೆ. ಜುಲೇಖಾ ಬೀ ಅಂಗಳದ ಮಂಚದ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಸುತ್ತ ಏಳೂ ಸವತಿಯರು ಮಣ್ಣು ಕೆದರುತ್ತಿದ್ದರು. ಇನಾಮದಾರರ ಹಳೇ ಮನೆಯಲ್ಲಿ ಈಗ ಉಳಿದದ್ದು ಎರಡು ಕೋಣೆ, ಈ ಅಂಗಳ.

“ಊಟ?” ಎಂದರು ಆಕೆ. ಯಾವಾಗ ಹೋದರೂ ಮೊದಲ ಮಾತು ಅದೇ.

“ಹೊನ್ನಾಳೀಲೇ ಆಯ್ತು.”

“ಸುಳ್ಳು. ನಿಮ್ಮ ಮುಖ ಹೇಳ್ತೈತೆ. ಸಬೀಹಾ, ರೊಟ್ಟಿ ತಾ.”

ಸಬೀಹಾ ಬಂದಳು. ಇಪ್ಪತ್ತಾರರ ಹುಡುಗಿ, ಕಿವಿಯ ಮೇಲೆ ಪೆನ್ಸಿಲ್ಲು. ಅವಳ ಪಿಎಚ್‌ಡಿಯ ವಿಷಯವೇ ಇದು: ಜನಾನಾದ ಬಗ್ಗೆ ಬಿಳಿಯರು ಬರೆದದ್ದಕ್ಕೆ ಅಲ್ಲಿದ್ದ ಹೆಣ್ಣುಮಕ್ಕಳೇ ಬರೆದ ಉತ್ತರಗಳು. ನಾಲ್ಕು ವರ್ಷದಿಂದ ಪ್ರತಿ ಶುಕ್ರವಾರ ಮಧ್ಯಾಹ್ನ ದಾದಿಗೆ, ಅಂದರೆ ಅಜ್ಜಿಗೆ, ಬಯಾಜನ್ನು ಓದಿ ಹೇಳುತ್ತಿದ್ದವಳು ಇವಳು. ಜುಲೇಖಾ ಬೀಗೆ ಓದು ಬಾರದು. ಅವರಿಗೆ ಒಂಬತ್ತು ವರ್ಷವಾದಾಗ ತಾಯಿ ತೀರಿಕೊಂಡರು, ಆಮೇಲೆ ಅಕ್ಷರ ಕಲಿಸುವವರು ಇರಲಿಲ್ಲ. ಎಪ್ಪತ್ತು ವರ್ಷ ಆ ಪುಸ್ತಕವನ್ನು ಬಟ್ಟೆ ಸುತ್ತಿ, ಬಿಸಿಲಿಗಿಟ್ಟು, ಬೇವಿನೆಲೆ ಹಾಕಿ ಕಾದದ್ದು, ಒಂದಕ್ಷರ ಓದದೆ.

ಪ್ರಿಂಟನ್ನು ಸಬೀಹಾಳ ಕೈಗೆ ಕೊಟ್ಟೆ. “ನಿಮ್ಮ ಮುತ್ತಜ್ಜಿ ಬರೆದದ್ದೇ ತಾನೇ? ಓದಮ್ಮ.”

ಅವಳ ಕಣ್ಣು ಕಾಗದದ ಮೇಲೆ ಒಮ್ಮೆ ಓಡಿ ನಿಂತಿತು. ಆಮೇಲೆ ಓದಿದಳು, ಕನ್ನಡದಲ್ಲಿ ಹೇಳುತ್ತ ಹೋದಳು. “ಅಂದು ಮೇಡಂ ಬಂದರು. ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳಿಗೆ ಗೌರವವಿದೆ, ಆಸ್ತಿಯಲ್ಲಿ ಪಾಲಿದೆ, ವಿದ್ಯೆಯಿದೆ ಎಂದು ಅವರಿಗೆ ತಿಳಿಸಿದೆವು. ಅವರು ಒಪ್ಪಲಿಲ್ಲ.”

ಚೆನ್ನಾಗಿತ್ತು. ತಾಲ್ಲೂಕು ಆಫೀಸಿಗೆ ಕೊಡುವ ಅರ್ಜಿಯಂತಿತ್ತು.

“ಇನ್ನೊಂದು ಸಲ ಓದು,” ಎಂದೆ.

ಬಸ್ಸಿನಲ್ಲಿ ನಾನು ಎಲ್ಲಿ ಹತ್ತಿದಿರಿ ಎಂದು ಎರಡು ಸಲ ಕೇಳುತ್ತಿದ್ದೆ. ನಿಜ ಹೇಳುವವನಿಗೆ ಎರಡೂ ಸಲ ಒಂದೇ ಊರು.

ಸಬೀಹಾ ಓದಿದಳು. ಈ ಸಲ ಮೊದಲು ವಿದ್ಯೆ ಬಂತು, ಆಮೇಲೆ ಆಸ್ತಿ ಬಂತು, ಗೌರವ ಬರಲೇ ಇಲ್ಲ.

ಅದನ್ನು ಹಿಡಿದದ್ದು ಜುಲೇಖಾ ಬೀ. ಎಲೆಯನ್ನು ಬಾಯಿಗಿಡದೆ ತಟ್ಟೆಯಲ್ಲಿಟ್ಟರು.

“ಬೇಟಿ, ಅಲ್ಲಿ ಅದು ಬರೆದಿಲ್ಲ.”

“ದಾದಿ, ನಿಮಗೆ ಓದಾಕೆ...”

“ಓದಾಕೆ ಬರಲ್ಲ. ಕೇಳಾಕೆ ಬರ್ತೈತೆ. ಅಮ್ಮೀ ನನಗೆ ಆ ದಿನದ ಕಥೆ ಹೇಳಿ ಹೇಳಿನೇ ಅನ್ನ ತಿನ್ನಿಸ್ತಿದ್ಲು.” ಮುದುಕಿ ಕಣ್ಣು ಮುಚ್ಚಿಕೊಂಡರು. “ಆವತ್ತು ಮಡ್ಡಮ್ಮ ಬಂದ್ಲು. ಬಂದೋಳೇ ನಮ್ಮ ಒಂಬತ್ತೂ ಜನರನ್ನ ನೋಡಿ ಸತ್ತ ಮನೆಗೆ ಬಂದಂಗೆ ಮುಖ ಮಾಡ್ಕೊಂಡ್ಲು. ಇವರಲ್ಲಿ ಎಷ್ಟು ಜನ ಸಾಹೇಬರ ಹೆಂಡ್ರು ಅಂದ್ಲು. ಒಬ್ಬಳೇ ಅಂದ್ವಿ. ನಂಬಲಿಲ್ಲ. ಮಾರನೇ ದಿನ ಕೇಳಿದ್ಲು. ಅದರ ಮಾರನೇ ದಿನನೂ ಕೇಳಿದ್ಲು. ಆರನೇ ದಿನ ಅತ್ತೆಗೆ ಸಾಕಾಗಿ, ಕಿಟಕಿಯಾಚೆ ನೋಡ್ಕೊಂಡು ಹೆಸರು ಹೇಳ್ತಾ ಹೋದ್ರು. ಮಡ್ಡಮ್ಮ ಬರ್ಕೊಂತ ಹೋದ್ಲು. ಚಿಕ್ಕತ್ತೆ ನಗು ತಡೀಲಾರದೆ ಹಿಟ್ಟಿನ ಮಡಕೆಗೆ ತಲೆ ಹಾಕಿ ನಕ್ಕು, ಮುಖವೆಲ್ಲ ಬೆಳ್ಳಗೆ ಮಾಡ್ಕೊಂಡು ಬಂದ್ರು. ನೋಡಿ, ಈಕೆ ನಿಮ್ಮ ದೇಶದೋಳು ಅಂತ ಮಡ್ಡಮ್ಮಗೆ ತೋರಿಸಿದ್ವಿ.”

ನಾನು ರೊಟ್ಟಿ ಕೈಯಲ್ಲಿ ಹಿಡಿದೇ ನಕ್ಕೆ. ಸಬೀಹಾ ನಗಲಿಲ್ಲ. ಅವಳ ಕಣ್ಣು ತುಂಬಿತ್ತು.

“ಅಲ್ಲಿ ಅದೇ ಬರೆದೈತೆ,” ಎಂದಳು. “ಒಂದಕ್ಷರ ಬಿಡದಂಗೆ.”

“ಮತ್ತೆ ಯಾಕೆ ಬೇರೆ ಓದ್ತಿದ್ದೆ?”

“ಹೆಂಗೆ ಓದ್ಲಿ ದಾದಿ? ಏಳು ಹೆಂಡ್ರು ಅಂತ ಸುಳ್ಳು ಹೇಳಿದ್ದು ನಮ್ಮ ಹೆಂಗಸ್ರೇ ಅಂತ ನಾನೇ ಬರೆದು ಕೊಟ್ರೆ, ಇವರು ಹೇಳೋದೆಲ್ಲ ಸುಳ್ಳೇ ಅಂತಾರೆ ಜನ. ನಮ್ಮ ಮಾತು ಮೊದಲೇ ಯಾರೂ ನಂಬಲ್ಲ. ಅದಕ್ಕೇ ಸ್ವಲ್ಪ ನೆಟ್ಟಗೆ ಮಾಡಿದೆ. ಮರ್ಯಾದೆಯಾಗಿ.”

ಅವಳ ಭಯ ಸುಳ್ಳಲ್ಲ. ಅದನ್ನು ಒಪ್ಪಿಕೊಳ್ಳುತ್ತೇನೆ. ಆದರೆ ಜುಲೇಖಾ ಬೀ ಮೊಮ್ಮಗಳ ಗಲ್ಲ ಹಿಡಿದು ಹೇಳಿದ ಮಾತು ನಾನು ಸಾಯುವವರೆಗೂ ಮರೆಯುವುದಿಲ್ಲ.

“ಹೊನ್ನಾಳಿಯೋನು ನಮ್ಮಮ್ಮನ್ನ ಅಳಿಸಿದ. ನೀನು ನಮ್ಮಮ್ಮನ ನಗು ಕಿತ್ಕೊಂಡೆ. ನಗು ತೆಗೆದ್ರೆ ಉಳಿಯೋದು ಅದೇ ಅಳೋ ಹೆಂಗಸೇ ಅಲ್ಲೇನೆ? ನಾಲ್ಕು ವರ್ಷದಿಂದ ಶುಕ್ರವಾರ ಶುಕ್ರವಾರ ಕಾಯ್ತಿದ್ದೆ ನಾನು. ಇವತ್ತಾದರೂ ಅಮ್ಮೀ ಒಂದು ಸಲ ನಗ್ತಾಳೆ ಅಂತ. ನಗಲೇ ಇಲ್ಲ.”

ಸಬೀಹಾ ದಾದಿಯ ಮಡಿಲಿಗೆ ಮುಖವಿಟ್ಟಳು. ಆದರೆ ನಾನು ಅಳುವುದಕ್ಕೆ ಬಂದವಳಲ್ಲ.

“ಸಬೀಹಾ, ಬಯಾಜು ಎಲ್ಲಿಟ್ಟಿದ್ದೀಯಮ್ಮ?”

“ನಾನು ತಗೊಂಡಿಲ್ಲ ಆಂಟಿ. ಅಲ್ಲಾನ ಮೇಲಾಣೆ.”

“ಅವಳು ತಗೊಂಡಿಲ್ಲ,” ಎಂದರು ಜುಲೇಖಾ ಬೀ ಸಮಾಧಾನವಾಗಿ. “ನಾನೇ ಕಳಿಸಿದ್ದು.”

ರೊಟ್ಟಿ ಕೈಯಿಂದ ಜಾರಿತು. ಚೀನಿ ಬೀಬಿ ಅದನ್ನು ಎತ್ತಿಕೊಂಡು ಓಡಿದಳು.

“ಎಲ್ಲಿಗೆ?”

“ಜಗಳೂರಿಗೆ. ಬೆನಕಪ್ಪ ಮೇಷ್ಟ್ರಿಗೆ. ಇಲ್ಲಿ ಉರ್ದು ಶಾಲೇಲಿ ಕನ್ನಡ ಕಲಿಸಾಕೆ ಬಂದೋರು, ಮಕ್ಕಳ ಹತ್ರ ತಾವೇ ಉರ್ದು ಕಲ್ತು ಹೋದೋರು. ನಮ್ಮ ಹೊರಗಿನ ಕೋಣೇಲೇ ಹನ್ನೆರಡು ವರ್ಷ ಇದ್ರು. ಅವರು ಸುಳ್ಳು ಓದಲ್ಲ. ಅಕ್ಕಿಚೀಲದ ಬಟ್ಟೇಲಿ ಸುತ್ತಿ, ಜಗಳೂರು ಬಸ್ಸಿನ ಕಂಡಕ್ಟರ್ ಕೈಲಿ ಕೊಟ್ಟೆ.”

“ಲಗೇಜ್ ಟಿಕೆಟ್ ಇಲ್ದಂಗೆ?”

“ನೀವು ರಿಟೈರ್ಡ್ ಆಗಿದ್ರಲ್ಲ.”

“ಮತ್ತೆ ಕಳುವಾಗೈತೆ ಅಂತ ನನ್ನ ಯಾಕೆ ಕರೆಸಿದ್ರಿ? ಹನ್ನೊಂದು ದಿನ ನಾಯಿ ಅಲೆದಂಗೆ ಅಲೆದೀನಿ ನಾನು.”

ಆಕೆ ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. “ಸಿಟ್ಟಾಗಬ್ಯಾಡ್ರಿ. ನೀನು ಸುಳ್ಳು ಓದ್ತೀಯಾ ಅಂತ ನನ್ನ ಮೊಮ್ಮಗಳನ್ನ ನಾನು ಹೆಂಗೆ ಕೇಳ್ಲಿ? ಕಳುವಾಗೈತೆ ಅಂದ್ರೆ ನೀವು ಬರ್ತೀರಿ, ಎಲ್ಲರನ್ನೂ ಕೇಳ್ತೀರಿ, ಅವಳು ತಾನಾಗೇ ಹೇಳ್ತಾಳೆ ಅಂದ್ಕೊಂಡೆ. ಹೇಳಿದ್ಲು ನೋಡ್ರಿ.”

ಇಂಥವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಹೇಗೆ? ಮಾಡಿಕೊಂಡೆ, ಎರಡು ನಿಮಿಷ. ಆಮೇಲೆ ಫೋನು ತೆಗೆದೆ. ಬಯಾಜು ಭದ್ರವಾಗಿದೆ, ಶುಕ್ರವಾರಕ್ಕೆ ಮೂರು ದಿನವಿದೆ, ನಾಳೆ ಜಗಳೂರಿಗೆ ಹೋಗಿ ತಂದರೆ ಕೊಟ್ರೇಶ ವೇದಿಕೆಯ ಮೇಲೆ ಕಿವಿ ಹಿಡಿದುಕೊಂಡು ನಿಲ್ಲುತ್ತಾನೆ. ಕೇಸು ಮುಗಿಯಿತೆಂದು ನನ್ನ ಹಿಗ್ಗು.

ಜುಲೇಖಾ ಬೀ ಹೇಳಿದ ನಂಬರು ಒತ್ತಿ, ಎಲ್ಲರಿಗೂ ಕೇಳುವಂತೆ ಮಂಚದ ಮೇಲಿಟ್ಟೆ. ಜುಲೇಖಾ ಬೀ ಸಲಾಂ ಹೇಳಿದರು.

“ಆಪಾ,” ಎಂದು ಅಕ್ಕನನ್ನು ಕರೆಯುವಂತೆ ಕರೆದರು ಬೆನಕಪ್ಪ ಮೇಷ್ಟ್ರು ಆ ಕಡೆಯಿಂದ. ದನಿಯಲ್ಲೇ ನಗುವಿತ್ತು. “ಏನು ಬರವಣಿಗೆ ರೀ ನಿಮ್ಮಮ್ಮಂದು. ನಾನೊಬ್ಬನೇ ಕೂತು ನಗೋದು ನೋಡಿ ಮನೆಯೋರು ಡಾಕ್ಟ್ರ ಹತ್ರ ಹೋಗೋಣ ಅಂತಾರೆ.”

ಜುಲೇಖಾ ಬೀಯ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. ಎಪ್ಪತ್ತು ವರ್ಷದ ಮೇಲೆ ತಾಯಿಯ ಸುದ್ದಿ ಬಂದಿತ್ತು.

“ಆದ್ರೆ ಒಂದು ಮಾತೈತೆ,” ಎಂದರು ಮೇಷ್ಟ್ರು. “ಕೊನೇ ಹಾಳೆಗಳನ್ನ ಒಂದಕ್ಕೊಂದು ಸೇರಿಸಿ ಹೊಲಿದಿತ್ತಲ್ಲ? ಪೂರ್ತಿ ಓದ್ರಿ ಅಂದಿದ್ರಿ ನೀವು. ಬಿಚ್ಚಿದೆ.”

ಸಬೀಹಾ ತಲೆಯೆತ್ತಿದಳು. “ಅದನ್ನ ಬಿಚ್ಚಬಾರದು ಅಂತ ನನಗೆ ಆಣೆ ಹಾಕಿದ್ರಿ ದಾದಿ. ನಾನು ಮುಟ್ಟೇ ಇಲ್ಲ.”

ಜುಲೇಖಾ ಬೀ ನನ್ನ ಮಣಿಕಟ್ಟು ಹಿಡಿದುಕೊಂಡರು.

“ಆ ಹಾಳೆಗಳಲ್ಲಿ ಇರೋದು ನಿಮ್ಮಮ್ಮನ ಕೈಬರಹ ಅಲ್ಲ,” ಎಂದರು ಮೇಷ್ಟ್ರು. “ಒಂದನೇ ಕ್ಲಾಸಿನ ಮಕ್ಕಳು ಬರೆದಂಗೈತೆ ಉರ್ದು. ಆ ಮಡ್ಡಮ್ಮಂದು. ಪುಸ್ತಕ ಅಚ್ಚಾದ ಮೇಲೆ ಇನ್ನೊಂದು ಸಲ ನಿಮ್ಮ ಮನೆಗೆ ಬಂದಿದ್ಲು ಅಂತ ಕಾಣ್ತೈತೆ. ಓದ್ತೀನಿ, ಕೇಳ್ರಿ.”

ಅವರು ನಿಧಾನವಾಗಿ, ಕನ್ನಡ ಮಾಡಿಕೊಳ್ಳುತ್ತ ಓದಿದರು.

“ಖೈರು, ನೀನು ಕಲಿಸಿದ ಅಕ್ಷರದಲ್ಲೇ ಬರೆಯುತ್ತಿದ್ದೇನೆ. ಅವು ಕೋಳಿಗಳೆಂದು ನನಗೆ ಮಾರನೆಯ ದಿನವೇ ತಿಳಿಯಿತು. ಕೋಣೆಯಲ್ಲಿ ಕೂತು ನಾನೂ ನಕ್ಕಿದ್ದೆ. ನಿಮ್ಮ ನಗುವನ್ನೇ ಬರೆಯಬೇಕೆಂದಿದ್ದೆ. ಹೆಂಡಿರು ಎಂದೇ ಬರೆಯಿರಿ, ಅಳುತ್ತಾರೆ ಎಂದೇ ಬರೆಯಿರಿ ಎಂದು ನನ್ನನ್ನು ಬೇಡಿಕೊಂಡವರು ನಿಮ್ಮ ಮನೆಯವರೇ ಒಬ್ಬರು. ಯಾಕೆ ಎಂದೂ ಹೇಳಿದರು. ನಾನು ಒಪ್ಪಿದ್ದು ತಪ್ಪು. ಅವರ ಹೆಸರನ್ನು ನಿನಗೆ ಹೇಳದೆ ನಾನು ಹಡಗು ಹತ್ತಲಾರೆ. ಅವರು...”

ಮೇಷ್ಟ್ರು ನಿಲ್ಲಿಸಿದರು.

“ಮುಂದೆ ಓದ್ರಿ,” ಎಂದೆ.

“ಮುಂದಿನ ಹಾಳೆ ಇಲ್ಲ. ಬ್ಲೇಡಿನಾಗೆ ಕೊಯ್ದಾರೆ. ಪುಸ್ತಕವೆಲ್ಲ ಹಳದಿ ಆಗೈತೆ, ಕೊಯ್ದ ಅಂಚು ಮಾತ್ರ ಇನ್ನೂ ಬೆಳ್ಳಗೈತೆ. ನಾನು ಬಿಚ್ಚಿದ ದಾರನೂ ಹಳೇದಲ್ಲ ಆಪಾ. ನೈಲಾನು. ಯಾರೋ ಮೊನ್ನೆ ಮೊನ್ನೆ ಹಾಳೆ ತೆಗೆದು, ತಿರುಗಿ ಹೊಲಿದಿಟ್ಟಾರೆ.”

ಸಬೀಹಾ ನನ್ನ ಮುಖ ನೋಡಿದಳು. ಅವಳ ಕಣ್ಣಲ್ಲಿದ್ದದ್ದು ಬರಿಯ ದಿಗಿಲು. ನಾನು ಬಾಯಿ ತೆರೆಯುವ ಮುಂಚೆ ನನ್ನ ಮಣಿಕಟ್ಟಿನ ಮೇಲೆ ಜುಲೇಖಾ ಬೀಯ ಹಿಡಿತ ಬಿಗಿಯಾಯಿತು. ಆ ವಯಸ್ಸಿನ ಕೈಯಲ್ಲಿ ಅಷ್ಟು ಬಲವಿರಬಹುದೆಂದು ನಾನು ಎಣಿಸಿರಲಿಲ್ಲ.

“ಶಿವಲೀಲಮ್ಮ, ಬಯಾಜು ಸಿಕ್ತಲ್ಲ, ಇಲ್ಲಿಗೆ ಸಾಕು,” ಎಂದರು ಆಕೆ. “ಅದನ್ನ ಕೊಯ್ದೋರು ಯಾರು ಅಂತ ನನಗೆ ಗೊತ್ತೈತೆ. ಆ ಹಾಳೆ ಮಾತ್ರ ಹುಡುಕಬ್ಯಾಡ್ರಿ.”